ಎರಡು ಸ್ಟಾರ್ ಮತ್ತು ನಿಮ್ಮ ರಕ್ತದೊತ್ತಡ

ಮಾಕಳಿಯಲ್ಲಿ ಮನೆಯ ಮಹಡಿಯನ್ನು ದಿನದ ಬಾಡಿಗೆಗೆ ಕೊಡುತ್ತಿದ್ದೀರಾ? ವಸ್ತುಪ್ರದರ್ಶನ ಕೇಂದ್ರವಿರುವ ಮಾದಾವರ ಹತ್ತಿರದಲ್ಲೇ ಇದೆ. 2024ರ ನವೆಂಬರಿನಲ್ಲಿ ಮೆಟ್ರೊ ಕೂಡ ಅಲ್ಲಿಯವರೆಗೆ ಬಂತು. ಅತಿಥಿಗಳು ಬರುತ್ತಾರೆ. ಇದ್ದಷ್ಟು ದಿನ ತುಟಿ ಬಿಚ್ಚದೆ, ಊರಿಗೆ ಹೋದ ಮೇಲೆ ‘ಕೊಳಕು ಮನೆ, ಲಾರಿಗಳ ಗದ್ದಲ’ ಎಂದು ಬರೆದು ಎರಡು ಸ್ಟಾರ್ ಕೊಡುವವರೂ ಬರುತ್ತಾರೆ.

ವ್ಯಾಪಾರದ ಮಾತು ಆರೋಗ್ಯದ ಅಂಕಣದಲ್ಲೇಕೆ ಎನ್ನಬೇಡಿ. ಅಂದು ರಾತ್ರಿ ನಿಮಗೆ ನಿದ್ರೆ ಬಾರದು. ಇಪ್ಪತ್ತು ಹೊಗಳಿಕೆಗಳನ್ನು ಮರೆತು ಮನಸ್ಸು ಆ ಒಂದು ತೆಗಳಿಕೆಯನ್ನೇ ಮೆಲುಕು ಹಾಕುತ್ತದೆ. ಕೋಪದಿಂದ ಅಡ್ರಿನಲಿನ್ ಸ್ರವಿಸಿ ಎದೆಬಡಿತ, ರಕ್ತದೊತ್ತಡ ಏರುತ್ತವೆ. ಮೆಲುಕು ಹಾಕಿದಷ್ಟೂ ಇಳಿಯುವುದು ನಿಧಾನ.

ಆ ಹೊತ್ತಿನಲ್ಲಿ ಉತ್ತರ ಬರೆಯಲೇಬೇಡಿ. ಏರ್‌ಬಿಎನ್‌ಬಿಯಲ್ಲಿ ಉತ್ತರಕ್ಕೆ 30 ದಿನಗಳ ಅವಕಾಶವಿದೆ, ಅವಸರವೇನು? ನಿಮ್ಮ ಉತ್ತರವನ್ನು ಓದುವವರು ಮುಂದೆ ಬರಲಿರುವ ಅತಿಥಿಗಳು. ಲಾರಿ ಗದ್ದಲದ ದೂರು ನಿಜವೇ, ತುಮಕೂರು ರಸ್ತೆ ಮಗ್ಗುಲಲ್ಲೇ ಇದೆಯಲ್ಲ! ಅದನ್ನು ಒಪ್ಪಿಕೊಂಡು ಮನೆಯ ವಿವರಣೆಯಲ್ಲೇ ಸೇರಿಸಿಬಿಡಿ. ಕೊಳಕು ಎಂಬುದು ಸುಳ್ಳಾದರೆ ಎರಡೇ ವಾಕ್ಯದಲ್ಲಿ ಹೇಳಿ. ‘ಹಣ ವಾಪಸು ಕೊಡಿ, ಇಲ್ಲದಿದ್ದರೆ ಕೆಟ್ಟದಾಗಿ ಬರೆಯುತ್ತೇನೆ’ ಎಂದು ಹೆದರಿಸಿದ್ದರೆ ಆ ಸಂದೇಶವನ್ನು ಕಂಪನಿಗೆ ಕಳುಹಿಸಿ. ಅಂಥ ರಿವ್ಯೂ ತೆಗೆಸಲು ನಿಯಮವಿದೆ.

ಮನೆಯವರಿಗೂ ಒಂದು ಮಾತು: ‘ನಾನು ಮೊದಲೇ ಹೇಳಿರಲಿಲ್ಲವೆ’ ಎಂದು ಚುಚ್ಚಬೇಡಿ, ಅದು ಮೂರನೆಯ ಸ್ಟಾರನ್ನೂ ಕಿತ್ತುಕೊಂಡಂತೆ. ಎರಡು ವಾರ ಕಳೆದರೂ ಊಟ, ನಿದ್ರೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಲಹೆಗಾರರು ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.