ಬಹುಮಾನ ಯಾರ ಹಣ?



ಬಹುಮಾನವೆಂದರೆ ಮೆಚ್ಚಿದವನು ಗೆದ್ದವನಿಗೆ ಗೌರವಪೂರ್ವಕವಾಗಿ ಕೊಡುವುದು ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಅಮೆರಿಕದ ವೃತ್ತಿಪರ ಪೂಲ್ ಆಟದಲ್ಲಿ ಈ ಪದಕ್ಕೆ ಆ ಅರ್ಥ ಉಳಿದಿಲ್ಲವೆಂಬುದೇ ನನ್ನ ತಕರಾರು. (ಪೂಲ್ ಎಂದರೆ ಈಜುಕೊಳವಲ್ಲ, ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿಯವರು ಹೆಸರು ಗಳಿಸಿದ ಬಿಲಿಯರ್ಡ್ಸ್, ಸ್ನೂಕರ್‌ಗಳ ದಾಯಾದಿ.)

ಒಂದು ಸಣ್ಣ ಲೆಕ್ಕ ಹಾಕೋಣ. ಊರೊಂದರ ಪಂದ್ಯಾವಳಿಗೆ 64 ಮಂದಿ ತಲಾ 100 ಡಾಲರ್ ಪ್ರವೇಶಶುಲ್ಕ ತೆತ್ತರೆ 6,400 ಆಯಿತು. ಆಟದ ಮನೆಯ ಮಾಲೀಕ ತನ್ನದೆಂದು 2,000 ಸೇರಿಸುತ್ತಾನೆ. ಪ್ರಾಮಾಣಿಕನಾದರೆ ತಾನು ಸೇರಿಸಿದ್ದು ಇಷ್ಟೇ ಎಂದು ಬೇರೆಯಾಗಿ ಸಾರುತ್ತಾನೆ. ಇಲ್ಲವಾದರೆ ಭಿತ್ತಿಪತ್ರದಲ್ಲಿ ರಾರಾಜಿಸುವುದು 8,400! ಅದರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿದ್ದು ಆಟಗಾರರ ಜೇಬಿನದೇ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಗಾದೆ ನಿಮಗೆ ಗೊತ್ತಿದೆ.

ಇನ್ನೊಂದು ಪದ್ಧತಿಗೆ ನಮ್ಮ ದೇಶದ ನಗರದ ಹೆಸರೇ ಅಂಟಿಕೊಂಡಿದೆ: 'ಕಲ್ಕತ್ತಾ'. ಪಂದ್ಯಕ್ಕೆ ಮುನ್ನ ಆಟಗಾರರನ್ನು ಹರಾಜು ಕೂಗುತ್ತಾರೆ. ಕೂಗಿದ ಹಣವೆಲ್ಲ ಒಂದು ಗಂಟಾಗಿ, ಗೆದ್ದವನನ್ನು 'ಕೊಂಡವನಿಗೆ' ಅದರ ದೊಡ್ಡ ಪಾಲು ಸೇರುತ್ತದೆ. ಆಟಗಾರನಿಗೂ ಪಾಲು ಬೇಕೆನಿಸಿದರೆ ತನ್ನನ್ನು ತಾನೇ ಅರ್ಧ ಕೊಂಡುಕೊಳ್ಳುವುದುಂಟು! ಕರಾವಳಿಯ ಕೋಳಿ ಅಂಕ ಕಂಡವರಿಗೆ ವಿವರಣೆ ಬೇಡ. ಕೋಳಿಗೆ ಪ್ರವೇಶಶುಲ್ಕವಿಲ್ಲ, ಅಷ್ಟೇ ವ್ಯತ್ಯಾಸ.

ಪಣದ ಪಂದ್ಯಗಳಲ್ಲಿ ಹಣವಂತನೊಬ್ಬ ಆಟಗಾರನ ಬೆನ್ನಿಗೆ ನಿಲ್ಲುತ್ತಾನೆ. ಸೋತರೆ ನಷ್ಟ ಅವನದು, ಗೆದ್ದರೆ ಲಾಭದಲ್ಲಿ ಪಾಲು. ಬಡ ಆಟಗಾರನಿಗೆ ಇದೇ ಆಸರೆ ಎನ್ನುವವರಿದ್ದಾರೆ. ಆ ಮಾತನ್ನು ತಳ್ಳಿಹಾಕಲಾರೆ. ಜೂಜನ್ನು ನಾನು ಎಂದೂ ಒಪ್ಪಿದವನಲ್ಲ. ಆದರೂ ದೊಡ್ಡ ಪಣವಾದರೆ ಅಲ್ಲಿ ಎರಡೂ ಕಡೆಯ ಹಣ ಆಟಕ್ಕೆ ಮೊದಲೇ ಮೂರನೆಯವನ ಕೈಸೇರುವುದು ರೂಢಿ. ಜೂಜುಕೋರರಿಗಿರುವ ಈ ನಿಯತ್ತು ಕೋಟು ತೊಟ್ಟ ಸಂಘಟಕರಿಗೇಕಿಲ್ಲ?

1996ರಲ್ಲಿ ಡಲ್ಲಾಸ್ ನಗರದಲ್ಲಿ, ಎದುರಾಳಿಗೆ ಕೋಲೆತ್ತಲು ಅವಕಾಶವನ್ನೇ ಕೊಡದೆ ಸತತ ಹತ್ತು ಆಟ ಮುಗಿಸಿದವನಿಗೆ 10 ಲಕ್ಷ ಡಾಲರ್ ಎಂದು ಸಾರಿದರು. ಅರ್ಲ್ ಸ್ಟ್ರಿಕ್‌ಲ್ಯಾಂಡ್ ಅದನ್ನು ಸಾಧಿಸಿಯೇಬಿಟ್ಟ. ಆಗ ವಿಮೆಯವರು ಆಕ್ಷೇಪ ತೆಗೆದರು. ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. 2006ರಲ್ಲಿ, ದೂರದರ್ಶನದ ಜಾಹೀರಾತುಗಳಿಂದ ಸಿರಿವಂತನಾದ ಕೆವಿನ್ ಟ್ರುಡೊ ರೀನೋ ನಗರದಲ್ಲಿ 30 ಲಕ್ಷ ಡಾಲರ್‌ಗಳ ಪಂದ್ಯಾವಳಿ ನಡೆಸಿದ. ಫಿಲಿಪೀನ್ಸ್‌ನ ಎಫ್ರೆನ್ ರೇಯೆಸ್ ಗೆದ್ದರು. ಅವರಿಗೆ ಸಲ್ಲಬೇಕಾದದ್ದು 5 ಲಕ್ಷ. ಆಟ ಮುಗಿದ ಮೇಲೆ ಆಟಗಾರರು ಕೇಳಿದ್ದು ಕಂತುಗಳ ಮಾತು! ಮೇಜಿನ ಮೇಲೆ ತಪ್ಪು ಹೊಡೆತಕ್ಕೆ ಕ್ಷಣದಲ್ಲೇ ದಂಡ. ಹೊರಗೆ ಮಾತು ತಪ್ಪಿದವನಿಗೆ ಯಾವ ದಂಡ?

2024ರಲ್ಲಿ ಸೌದಿ ಅರೇಬಿಯದ ಜೆಡ್ಡಾದಲ್ಲಿ ವಿಶ್ವ ಚಾಂಪಿಯನ್ ಫೆಡರ್ ಗೋರ್ಸ್ಟ್‌ಗೆ 2.5 ಲಕ್ಷ ಡಾಲರ್ ಎಂದು ಹಲವರು ಹಿಗ್ಗಿದರು. ಹಿಗ್ಗಲಿ. ಆದರೆ ಒಬ್ಬನೇ ದಾತನ ಮರ್ಜಿಯ ಮೇಲೆ ನಿಂತ ಆಟಕ್ಕೆ ನೆಲೆಯೆಲ್ಲಿ?

ನಾನು ಕೇಳುವುದು ದೊಡ್ಡದೇನಲ್ಲ. ಪ್ರವೇಶಶುಲ್ಕವೆಷ್ಟು, ಹೊರಗಿನಿಂದ ಬಂದದ್ದೆಷ್ಟು ಎಂಬುದನ್ನು ಬೇರೆ ಬೇರೆ ಮುದ್ರಿಸಲಿ. ಸಾರಿದ ಮೊತ್ತದಲ್ಲಿ ಸಂಘಟಕರ ಪಾಲನ್ನು ಮೊದಲ ಚೆಂಡು ಉರುಳುವ ಮುನ್ನ ಬ್ಯಾಂಕಿನಲ್ಲಿ ಇಡಲಿ. ಹಾಗೆ ಮಾಡಿದರೆ ಭಿತ್ತಿಪತ್ರದ ಅಂಕಿ ಕುಗ್ಗಿ ಜನ ಬರುವುದಿಲ್ಲ ಎನ್ನುತ್ತಾರೆ. ಕುಗ್ಗಿದ ಅಂಕಿಯನ್ನೇ ಮುದ್ರಿಸಲಿ. ಆಡಬೇಕೋ ಬೇಡವೋ ಎಂಬುದನ್ನು ಆಟಗಾರನೇ ಲೆಕ್ಕಹಾಕಿಕೊಳ್ಳುತ್ತಾನೆ.