ಬಸುರಿಯ ರಕ್ತ ಹೀರಿದವರು ಯಾರು?

"ಸೊಪ್ಪು, ಕಾಳು, ಮೊಟ್ಟೆ ತಿನ್ನು ಅಂತ ಎಷ್ಟು ಸಲ ಹೇಳಬೇಕಮ್ಮ ನಿನಗೆ?" ವೈದ್ಯೆ ಗದರಿಸುತ್ತಿದ್ದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಏಳು ತಿಂಗಳ ಚೊಚ್ಚಲ ಬಸುರಿ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 6.8 ಎಂದು ಬರೆದಿತ್ತು. ಬಸುರಿಗೆ ಕನಿಷ್ಠ 11 ಗ್ರಾಂ ಇರಬೇಕು. 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಬೇರೆಯವಳು ತಡೆದುಕೊಳ್ಳುವಷ್ಟು ರಕ್ತಸ್ರಾವವೂ ಹೆರಿಗೆಯಲ್ಲಿ ಇಂಥವಳ ಜೀವ ತೆಗೆಯಬಹುದು. ಹುಡುಗಿ ತಲೆ ತಗ್ಗಿಸಿ "ಹೂಂ ಮೇಡಂ" ಎಂದಳು.

ಹೊರಗೆ ಬಂದ ಮೇಲೆ ಕೇಳಿದೆ, "ಮನೇಲಿ ಕೋಳಿ ಇಲ್ವೇನೆ?"

"ಏಳು ಅವೆ ಅಕ್ಕ. ಮೊಟ್ಟೆ ಮಾವನಿಗೆ, ಇವರಿಗೆ, ಮೈದುನನಿಗೆ. ಮಿಕ್ಕಿದ್ದು ಅಂಗಡಿಗೆ. ಒಂದಿನ ನಾನೂ ಬೇಯಿಸ್ಕೊಂಡೆ. 'ನಿಮ್ಮಪ್ಪ ಬೈಕಿನ ದುಡ್ಡು ಕೊಡಲಿ, ಆಮೇಲೆ ತಿನ್ನುವಂತೆ' ಅಂದ್ರು ಅತ್ತೆ."

ಗೆಳತಿಯರೇ, ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೂರು ತಿಂಗಳ ಹಿಂದೆ ಇದೇ ಹುಡುಗಿ ನಮ್ಮ ಸಂಘಕ್ಕೆ ಬಂದಿದ್ದಳು. ಹೊಡೆಯುತ್ತಾರಾ, ಎಲ್ಲಿ ಗಾಯ, ಸುಟ್ಟ ಗುರುತು ಇದೆಯಾ ಎಂದು ಕೇಳಿದೆವು. "ಹೊಡೆಯಲ್ಲ" ಅಂದಳು. "ಹೊಂದಾಣಿಕೆಯ ಸಮಸ್ಯೆ" ಎಂದು ಪುಸ್ತಕದಲ್ಲಿ ಬರೆದು, ಬುದ್ಧಿ ಹೇಳಿ ಕಳಿಸಿದೆವು. ಊಟ ಏನು ಮಾಡಿದೆ, ಯಾರು ಉಂಡ ಮೇಲೆ ಮಾಡಿದೆ ಎಂದು ಒಬ್ಬರೂ ಕೇಳಲಿಲ್ಲ.

ಕಾನೂನು ನಮಗಿಂತ ಮುಂದಿದೆ! 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಕೆಳಗೆ ಭರ್ತಿ ಮಾಡುವ ಘಟನಾ ವರದಿಯ ನಮೂನೆಯಲ್ಲಿ, ಆರ್ಥಿಕ ಹಿಂಸೆಯ ಪಟ್ಟಿಯಲ್ಲಿ, ಊಟ, ಬಟ್ಟೆ, ಔಷಧಿ ಕೊಡದಿರುವುದೂ ಸೇರಿದೆ. ಆ ನಮೂನೆಯನ್ನು ನಾನು ಎಷ್ಟೋ ಸಲ ತುಂಬಿದ್ದೇನೆ. ಆ ಸಾಲನ್ನು ದಾಟಿಕೊಂಡೇ ಹೋಗಿದ್ದೇನೆ.

ಕಬ್ಬಿಣಾಂಶದ ಮಾತ್ರೆ ಹಂಚುವ ಕಾರ್ಯಕ್ರಮ ಈ ದೇಶದಲ್ಲಿ ಶುರುವಾದದ್ದು 1970ರಲ್ಲಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಸುರಿಯರಲ್ಲಿ ಶೇ. 50.4 ಮಂದಿಗೆ ರಕ್ತಹೀನತೆ; 2019-21ರಲ್ಲಿ ಶೇ. 52.2. ಮಾತ್ರೆ ಬೇಡವೆನ್ನುತ್ತಿಲ್ಲ, ಖಂಡಿತ ಬೇಕು. ಕೊಕ್ಕೆಹುಳು, ಮಲೇರಿಯಾ, ಮೇಲಿಂದ ಮೇಲೆ ಬಸಿರು, ಬಡತನ, ಇವೂ ಕಾರಣಗಳೇ. ಆದರೆ ಏಳು ಕೋಳಿ ಸಾಕಿದ ಮನೆಯನ್ನು ಬಡತನದ ಲೆಕ್ಕಕ್ಕೆ ಸೇರಿಸಿ ಕೈ ತೊಳೆದುಕೊಳ್ಳುವುದು ಹೇಗೆ? 1998-99ರ ಸಮೀಕ್ಷೆಯ ಅಂಕಿಗಳನ್ನಿಟ್ಟು ಮಾಡಿದ, 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪದೇ ಪದೇ ಹಿಂಸೆಗೊಳಗಾದ ಹೆಂಗಸರಲ್ಲಿ ರಕ್ತಹೀನತೆ ಹೆಚ್ಚೆಂದು ತೋರಿಸಿದೆ.

ನಮ್ಮ ರಾಜ್ಯ ಸರ್ಕಾರ 2017ರಲ್ಲಿ ಮಾತೃಪೂರ್ಣ ತಂದಿತು. ಬಸುರಿ ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ, ಮೊಟ್ಟೆ, ಹಾಲು ತೆಗೆದುಕೊಳ್ಳಬೇಕು. ದೂರ ನಡೆಯಬೇಕೆಂದು ಬಹಳ ಜನ ಬೈದರು, ಅದು ನಿಜವೇ. ಆದರೂ ಕ್ಯಾರಿಯರ್‌ನಲ್ಲಿ ಮನೆಗೆ ಹೋದ ಮೊಟ್ಟೆ ಯಾರ ಬಾಯಿಗೆ ಬೀಳುತ್ತದೆಂದು ನನಗೆ ಗೊತ್ತು! ಈ ಹುಡುಗಿಗೆ ಅಂಗನವಾಡಿಗೂ ಅಪ್ಪಣೆಯಿರಲಿಲ್ಲ. ಸೊಸೆ ಹೊರಗೆ ಕೂತು ಉಂಡರೆ ಮನೆ ಮರ್ಯಾದೆ ಹೋಗುತ್ತದಂತೆ. ಮನೆಯಲ್ಲಿ ತಳದ ಸಾರು ಉಂಡರೆ ಹೋಗುವುದಿಲ್ಲ.

ಹೀಗೆ ರಕ್ತ ಬಸಿದು, ಸೀಮಂತದ ಸೀರೆ ಉಡಿಸಿ, ಚೊಚ್ಚಲ ಹೆರಿಗೆ ತವರಿನದು ಎಂದು ಕಳಿಸಿದರು. ತಾಲ್ಲೂಕಿನಲ್ಲಿ ರಕ್ತ ಸಿಗಲಿಲ್ಲ. ಜಿಲ್ಲಾ ಕೇಂದ್ರಕ್ಕೆ ಕಾರಿನ ಬಾಡಿಗೆ, ಅಪ್ಪ ಅಣ್ಣಂದಿರ ಕೂಲಿ ನಷ್ಟ, ಬಡ್ಡಿ ಸಾಲ. ವರದಕ್ಷಿಣೆಯ ಈ ಕಂತನ್ನು ಯಾವ ದೂರಿನಲ್ಲಿ ಬರೆದಿದ್ದೇವೆ? ತಾಯಿ ಮಗು ಉಳಿದರು, ಅಷ್ಟೇ.

ಈಗ ಸಂಘಕ್ಕೆ ಯಾರೇ ಬಂದರೂ ಊಟದ ಮಾತು ಮೊದಲು. ಬಸುರಿಯಾದರೆ ತಾಯಿ ಕಾರ್ಡಿನ ನಕಲನ್ನು ಅರ್ಜಿಯ ಜೊತೆ ಲಗತ್ತಿಸುತ್ತೇವೆ. ಹೋದ ತಿಂಗಳು ಅಧಿಕಾರಿಯೊಬ್ಬರು ನಕ್ಕರು: "ಇದು ಆಸ್ಪತ್ರೆ ಕಾಗದ ಕಣಮ್ಮ, ಇಲ್ಲಿಗ್ಯಾಕೆ?" ನಮೂನೆ ತಿರುವಿ ಆ ಸಾಲಿನ ಮೇಲೆ ಬೆರಳಿಟ್ಟೆ. ಓದಿ, ಸುಮ್ಮನೆ ಗುರುತು ಹಾಕಿದರು.