ಊರಂಚಿನ ಕಲ್ಲುಗಾಣ

ಹರಿಯುವ ನೀರಿನ ಬಲದಿಂದ ಬೀಸುವ ಕಲ್ಲನ್ನು ತಿರುಗಿಸುವ ಏರ್ಪಾಟನ್ನು ಔರಂಗಾಬಾದಿನ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದ, ಪನಚಕ್ಕಿಯಲ್ಲಿ ಕಾಣಬಹುದು. ತುಂಗಭದ್ರೆ ಹಡಗಲಿಯ ಅಂಚಿನಲ್ಲಿ ಹರಿದರೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ನೆಲ ಬಹುಪಾಲು ಮಳೆಯನ್ನೇ ನಂಬಿದ್ದು. ಕೆರೆಯ ನೀರು ಬೆಳೆಗೇ ಸಾಲದು. ಇಲ್ಲಿ ಯಂತ್ರವನ್ನು ತಿರುಗಿಸಿದ್ದು ಎತ್ತಿನ ಹೆಗಲು. ಆ ಯಂತ್ರವೇ ಕಲ್ಲುಗಾಣ.

ಒಂದೇ ಬಂಡೆಯನ್ನು ಕಡೆದು ಒರಳು ಮಾಡಿ, ಅಲುಗದಂತೆ ಅದರ ಬುಡವನ್ನು ನೆಲದಲ್ಲಿ ಆಳವಾಗಿ ಹೂಳುತ್ತಿದ್ದರು. ಒರಳಿನೊಳಗೆ ಗಟ್ಟಿ ಮರದ ಒನಕೆ ಓರೆಯಾಗಿ ನಿಲ್ಲುತ್ತದೆ. ಅದಕ್ಕೆ ಹೊಂದಿಸಿದ ಅಡ್ಡಮರದ ಮೇಲೆ ಭಾರದ ಕಲ್ಲು. ಮರದ ತುದಿಗೆ ಕಣ್ಣಿಗೆ ಬಟ್ಟೆ ಕಟ್ಟಿದ ಎತ್ತು. ಎತ್ತು ಸುತ್ತಿದಂತೆ ಒನಕೆ ಒರಳಿನ ಗೋಡೆಗೆ ಒತ್ತಿ ಕಾಳನ್ನು ಅರೆಯುತ್ತದೆ. ಎಣ್ಣೆ ಬಿಡಲು ಬೇಕಾದುದು ಬೊಗಸೆ ನೀರಿನ ಚಿಮುಕಿಕೆ ಮಾತ್ರ! ಕೆಲವು ಗಾಣಗಳಿಗೆ ಬದಿಯಲ್ಲಿ ತೂತುಂಟು. ಇಲ್ಲದ ಕಡೆ ಅರಿವೆ ಅದ್ದಿ ಹಿಂಡಿಕೊಳ್ಳುತ್ತಿದ್ದರು. ಕುಸುಬೆಯಲ್ಲಿ ನೂರಕ್ಕೆ 30ರಷ್ಟು ಎಣ್ಣೆಯಿದ್ದರೂ ಗಾಣಕ್ಕೆ ಅಷ್ಟೂ ದಕ್ಕುವುದಿಲ್ಲ. ಉಳಿದದ್ದು ಹಿಂಡಿಯ ರೂಪದಲ್ಲಿ ದನಗಳ ಪಾಲು. ಅದು ನಷ್ಟವೆಂದು ನಾವು ಎಣಿಸುವುದಿಲ್ಲ.

ಬಾಗಳಿ, ಕುರುವತ್ತಿ, ಅಂಬಳಿಗಳ ಚಾಲುಕ್ಯ ದೇಗುಲಗಳ ಕಂಬಗಳನ್ನು ಎಲ್ಲರೂ ಹೊಗಳುತ್ತೇವೆ. ಆ ಕತ್ತಲ ಗರ್ಭಗುಡಿಗಳಿಗೆ ಬೆಳಕು ಎಲ್ಲಿಂದ ಬಂತೆಂದು ಕೇಳುವವರು ವಿರಳ. ನಂದಾದೀವಿಗೆಗೆಂದು ಗಾಣಕ್ಕೆ ಇಂತಿಷ್ಟು ಸೊಂಟಿಗೆ ಎಣ್ಣೆ ಬಿಟ್ಟ ದತ್ತಿಗಳು ಆ ಕಾಲದ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಗಾಣದೆರೆ ಎಂಬ ತೆರಿಗೆಯೂ ಇತ್ತು. ಬಸವಾದಿ ಶರಣರ ಕಾಲದಲ್ಲಿ ಇದೇ ಕಾಯಕವನ್ನು ಹೆಸರಿನಲ್ಲಿಯೇ ಧರಿಸಿದ ಗಾಣದ ಕಣ್ಣಪ್ಪನವರು ವಚನಕಾರರ ಸಾಲಿನಲ್ಲಿ ನಿಂತರು. ಉಜ್ಜಿನಿಯ ಮರುಳಸಿದ್ಧೇಶ್ವರ ದೇಗುಲದಲ್ಲಿ ಇಂದಿಗೂ ವರ್ಷಕ್ಕೊಮ್ಮೆ ಶಿಖರಕ್ಕೆ ತೈಲಾಭಿಷೇಕ ನಡೆಯುತ್ತದೆ. ಜರಿಮಲೆ ಪಾಳೇಗಾರರ ಮನೆತನದಿಂದ ಎಣ್ಣೆ ಬರುವುದು ಅಲ್ಲಿನ ಸಂಪ್ರದಾಯ.

ವಿದ್ಯುತ್ ಗಿರಣಿಗಳು ಬಂದ ಮೇಲೆ ಎತ್ತಿನ ಗಾಣಗಳು ನಿಂತವು. ಈಚೆಗೆ ಪೇಟೆಗಳಲ್ಲಿ ಮೋಟಾರಿನ ಮರದ ಗಾಣಗಳು ತಲೆಯೆತ್ತಿವೆ. ಜನ ಹೆಚ್ಚು ಬೆಲೆ ಕೊಟ್ಟು ಆ ಎಣ್ಣೆಯನ್ನು ಕೊಳ್ಳುತ್ತಾರೆ. ಹಳೆಯ ಒರಳುಗಳಾದರೋ ದನಕ್ಕೆ ನೀರುಣಿಸುವ ಬಾನಿಗಳಾಗಿವೆ, ಇಲ್ಲವೆ ಒಡೆದು ಅಡಿಪಾಯ ಸೇರಿವೆ. ಕರ್ನಾಟಕದ ಹಲವೆಡೆ ಗಾಣದ ಕಲ್ಲಿನ ಮೈಮೇಲೆಯೇ ದಾನಿಗಳು ಶಾಸನ ಬರೆಸಿದ್ದುಂಟು. ಆದ್ದರಿಂದ ನಿಮ್ಮೂರ ತಿಪ್ಪೆಯ ಬದಿಯಲ್ಲಿ ಅಂಥ ಕಲ್ಲಿದ್ದರೆ ಒಡೆಯುವ ಮುನ್ನ ತೊಳೆದು, ಇಳಿಬಿಸಿಲಿನ ಓರೆ ಬೆಳಕಿನಲ್ಲಿ ಅಂಚನ್ನೊಮ್ಮೆ ನೋಡಿರಿ. ಅಕ್ಷರ ಕಂಡರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಒಂದು ಕಾಗದ ಬರೆಯಿರಿ.